ಎರಡು ಕಮ್ಮಿ

ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು, ನಡುವೆ ಮೇಜಿರಲಿಲ್ಲ. ಮೂವತ್ತು ವರ್ಷ ಮೇಜಿನ ಹಿಂದೆಯೇ ಕೂತು ಬಂದವನಿಗೆ ಮೊಣಕಾಲುಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದರ ಮೇಲೊಂದು ಹಾಕಿದರೆ ದರ್ಪವೆನಿಸೀತು. ಅಗಲಿಸಿ ಕೂರೋಣವೆಂದರೆ ಕಾರ್ಯಾಗಾರದ ಮೊದಲ ಹತ್ತು ನಿಮಿಷ ಬಸ್ಸಿನಲ್ಲಿ ಗಂಡಸರು ಕಾಲು ಅಗಲಿಸಿ ಕೂರುವುದರ ಬಗ್ಗೆಯೇ ಮಾತಾಗಿತ್ತು. ಕಡೆಗೆ ಎರಡೂ ಪಾದ ಜೋಡಿಸಿ, ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಂದರ್ಶನಕ್ಕೆ ಬಂದವನ ಹಾಗೆ ಕೂತ. ನೀರು ಪರೀಕ್ಷಿಸುವ ಆ ಪ್ರಯೋಗಾಲಯದ ಇಪ್ಪತ್ತೆರಡು ಜನವೂ ಇದ್ದರು. ಹೆಂಗಸರು, ಗಂಡಸರು ಸಮಾನವಾಗಿ ಕೆಲಸ ಮಾಡುವುದು ಹೇಗೆಂದು ಹೇಳಿಕೊಡಲು ಬಂದ ಹುಡುಗಿ—ಹುಡುಗಿಯಲ್ಲ, ಅವನ ಮನಸ್ಸು ತಾನೇ ತಿದ್ದಿಕೊಂಡಿತು, ಮೂವತ್ತೈದರ ಹೆಂಗಸು, ತರಬೇತುದಾರಳು—ಎಲ್ಲರಿಗೂ ಒಂದೊಂದು ಬಿಳಿ ಚೀಟಿ ಹಂಚುತ್ತ ಬಂದಳು. “ಒಂದೇ ಒಂದು ಮಾತು ಬರೀರಿ. ಈ ಆಫೀಸಲ್ಲಿ ನೀವು ಕೇಳಿದ್ದೋ, ನೀವೇ ಆಡಿದ್ದೋ. ಮುಳ್ಳು ಮುರಿದ ಹಾಗೆ ಒಳಗೇ ಉಳ್ಕೊಂಡಿರೋದು. ಹೆಸರು ಬೇಡ. ಡಬ್ಬಕ್ಕೆ ಹಾಕಿ, ನಾನು ಓದ್ತೀನಿ.”

“ಮೇಡಂ, ಹೆಂಡತಿ ಬೈದದ್ದು ಬರೀಬಹುದಾ? ಒಂದು ಚೀಟಿ ಸಾಲಲ್ಲ,” ಎಂದ ಉಗ್ರಾಣದವನು. ಎಲ್ಲರೂ ನಕ್ಕರು. “ಆಫೀಸಿಂದು ಮಾತ್ರ. ಮನೇದಕ್ಕೆ ಇನ್ನೊಂದು ದಿನ ಬರ್ತೀನಿ, ಆವತ್ತು ಅವರನ್ನೂ ಕರ್ಕೊಂಡು ಬನ್ನಿ,” ಎಂದಳು ತರಬೇತುದಾರಳು. ಇನ್ನೂ ಜೋರಾಗಿ ನಕ್ಕರು. ಎದುರಿನ ಕುರ್ಚಿಯಲ್ಲಿ ಸಹಾಯಕಿಯೂ ನಗುತ್ತಿದ್ದಳು. ಹದಿನಾರು ವರ್ಷದಿಂದ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದವಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು, ಕಣ್ಣು ಮಾತ್ರ ನಗುವುದು, ಎಲ್ಲ ಅವನಿಗೆ ಗೊತ್ತಿತ್ತು. ಆ ಕಣ್ಣನ್ನು ನೋಡಲಾರದೆ ಚೀಟಿ ನೋಡಿದ.

ಬೆಳಿಗ್ಗೆ ಅವನು ಬಾಗಿಲಲ್ಲಿ ಕಾಲಿಡುವಾಗಲೇ ಅವಳು ಎದುರು ಬಂದಿದ್ದಳು. “ಸಾರ್, ಬಣ್ಣ ಅಳೆಯೋ ಯಂತ್ರದ ದೀಪ ಹೋಗಿದೆ. ಇಂಜಿನಿಯರ್ ನಾಳೆ ಬರ್ತಾರಂತೆ. ಮೂರನೇ ಅಡ್ಡರಸ್ತೆಯಿಂದ ದೂರಿನ ಬಾಟ್ಲಿ ಬಂದಿದೆ, ನೀರು ವಾಸನೆ ಅಂತೆ. ಸಂಜೆ ಒಳಗೆ ಹೇಳ್ಬೇಕು. ಹಳೇ ಬಿಲ್ಲೆ ಪೆಟ್ಟಿಗೆ ತೆಗೀಲಾ?” ಅವನು “ಈ ಮೀಟಿಂಗ್ ಮುಗೀಲಮ್ಮ” ಎಂದು ತಪ್ಪಿಸಿಕೊಂಡಿದ್ದ. ಬಿಲ್ಲೆ ಪೆಟ್ಟಿಗೆಯೆಂದರೆ ಅಂಗೈಯಷ್ಟಗಲದ ಒಂದು ಕಪ್ಪು ಡಬ್ಬ. ಒಳಗೆ ತಿರುಗುವ ಬಿಲ್ಲೆ, ಬಿಲ್ಲೆಯ ಸುತ್ತ ಒಂಬತ್ತು ಪುಟ್ಟ ಗಾಜುಗಳು, ಒಂದಕ್ಕಿಂತ ಒಂದು ಗಾಢವಾದ ಗುಲಾಬಿ. ಕೊಳವೆಯಲ್ಲಿ ನೀರು ತುಂಬಿ ಔಷಧಿ ಬೆರೆಸಿ ಹತ್ತು ನಿಮಿಷ ಬಿಟ್ಟರೆ, ಎಲ್ಲಾದರೂ ಚರಂಡಿ ಸೇರಿಕೊಂಡಿದ್ದರೆ ನೀರು ಗುಲಾಬಿಯಾಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು, ಬಿಲ್ಲೆ ತಿರುಗಿಸಿ, ನೀರಿನ ಬಣ್ಣ ಯಾವ ಗಾಜಿಗೆ ಹೊಂದುವುದೋ ಆ ಸಂಖ್ಯೆ ಬರೆಯಬೇಕು. ಐದರವರೆಗೆ ಪರವಾಗಿಲ್ಲ. ಆರು ಬಂದರೆ ಕೂಡಲೇ ಫೋನು, ನಲ್ಲಿ ಬಂದ್.

ಅವಳು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಅವನು ಗಮನಿಸಿದ್ದ: ಅವನು ಮೂರು ಎಂದಲ್ಲಿ ಅವಳು ಐದು ಎನ್ನುತ್ತಿದ್ದಳು, ಅವನು ಐದು ಎಂದಲ್ಲಿ ಏಳು. ಬೇರೆ ಯಾರಾದರೂ ಆಗಿದ್ದರೆ ಗದರಿ ಸುಮ್ಮನಾಗುತ್ತಿದ್ದರು. ಅವನು ವಿಜ್ಞಾನ ಓದಿದವನು; ಗದರಲಿಲ್ಲ. ಇಪ್ಪತ್ತು ಬಾಟಲಿ ತೆಗೆದುಕೊಂಡು ಇಬ್ಬರೂ ಬೇರೆ ಬೇರೆಯಾಗಿ ನೋಡಿ ಬರೆದರು. ಅಂತರದ ಸರಾಸರಿ ಒಂದೂ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು. ಎಷ್ಟು ಅಚ್ಚುಕಟ್ಟಾದ ಗೆರೆ ಬಂದಿತ್ತು ಆ ನಕ್ಷೆಯಲ್ಲಿ! ಪ್ರತಿಯೊಬ್ಬ ನೋಡುವವನಿಗೂ ಅವನದೇ ಒಂದು ತಪ್ಪು ಇರುತ್ತದೆ, ತಪ್ಪು ಎಷ್ಟೆಂದು ತಿಳಿದರೆ ಅದು ತಪ್ಪೇ ಅಲ್ಲ, ಕಳೆದರಾಯಿತು ಎಂದು ಅವಳಿಗೆ ಬಹಳ ಪ್ರೀತಿಯಿಂದಲೇ ವಿವರಿಸಿದ್ದ. ಒಂದು ಚೀಟಿಯಲ್ಲಿ ‘ಸಹಾಯಕಿ: ಎರಡು ಕಳೆಯಿರಿ’ ಎಂದು ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದ. ಗೆರೆಯ ಸೊನ್ನೆ ಎಲ್ಲಿದೆಯೆಂದು ಅವನು ಕೇಳಿಕೊಳ್ಳಲಿಲ್ಲ. ಸೊನ್ನೆ ತಾನೇ ಆಗಿದ್ದ. ಅಷ್ಟೇ ಆಗಿದ್ದರೆ ಗಮನಕ್ಕೆ ಬರಲಿಲ್ಲವೆಂದು ಹೇಳಬಹುದಿತ್ತು. ಮೂರನೆಯವರು ಒಬ್ಬರು ನೋಡಿದ್ದರು. ಕಸ ಗುಡಿಸುವ ಆಯಾ ಪೊರಕೆ ಗೋಡೆಗೊರಗಿಸಿ ಪೆಟ್ಟಿಗೆಯೊಳಗೆ ಇಣುಕಿ, “ಅಮ್ಮಾವ್ರು ಹೇಳಿದ್ದೇ ಸರಿ ಕಾಣ್ತದಲ್ಲಪ್ಪಾ,” ಎಂದಿದ್ದಳು. ಅವನು, “ಹೆಂಗಸರಿಗೆ ಬಟ್ಟೆ ಅಂಗಡಿ ಅಭ್ಯಾಸ, ಗುಲಾಬಿ ಕಂಡರೆ ಎರಡು ಪಟ್ಟು ಕಾಣುತ್ತೆ,” ಎಂದ. ಎಂಥ ನಗೆ ಎದ್ದಿತ್ತು. ಸಹಾಯಕಿಯೂ ನಕ್ಕಿದ್ದಳು, ಆಯಾ ಕೂಡ. ಆ ಸಂಜೆಯಿಂದಲೇ ಉಗ್ರಾಣದವನು ಅವಳನ್ನು ‘ಎರಡು ಕಮ್ಮಿ’ ಎಂದು ಕರೆಯತೊಡಗಿದ. ವರ್ಷ ತುಂಬುವುದರೊಳಗೆ ಅದೇ ಅವಳ ಹೆಸರಾಯಿತು. ಎರಡನೇ ವಿಶ್ಲೇಷಕರ ಹುದ್ದೆ ಖಾಲಿಯಾದಾಗ ಅವನು ಅವಳ ವರದಿಯಲ್ಲಿ ‘ಬಣ್ಣದ ಅಳತೆಗೆ ತಿದ್ದುಪಡಿ ಅಗತ್ಯ’ ಎಂದು ಬರೆದ. ಸುಳ್ಳಲ್ಲವಲ್ಲ. ಹುದ್ದೆ ಇನ್ನೊಬ್ಬನಿಗೆ ಹೋಯಿತು.

“ಇನ್ನೆರಡು ನಿಮಿಷ,” ಎಂದಳು ತರಬೇತುದಾರಳು.

ಅವನ ಅಂಗಿಯ ತೋಳು ತಿಳಿಹಸಿರು. ಹಸಿರೆಂದು ಹೆಂಡತಿ ಹೇಳಿದ್ದಳು. ಬೆಳಿಗ್ಗೆ ಬಟ್ಟೆ ತೆಗೆದಿಡುವುದು ಅವಳೇ. ಮದುವೆಯಾದ ವರ್ಷ ಒಂದು ದಿನ, ಒಂದು ಕಾಲಿಗೆ ಹಸಿರು ಇನ್ನೊಂದಕ್ಕೆ ಕಂದು ಕಾಲುಚೀಲ ಹಾಕಿಕೊಂಡು ಹೊರಟವನನ್ನು ಬಾಗಿಲಲ್ಲಿ ತಡೆದು, “ನಿಮಗೆ ಬಣ್ಣ ಸರಿಯಾಗಿ ಗೊತ್ತಾಗಲ್ಲ ಕಣ್ರೀ, ಯಾರಿಗಾದ್ರೂ ತೋರಿಸಿ,” ಎಂದಿದ್ದಳು. “ನೀರಿನ ಬಣ್ಣ ನೋಡಿ ಸಂಬಳ ತಗೊಳ್ಳೋನು ನಾನು. ನೀನು ನನಗೆ ನೋಡೋದು ಕಲಿಸ್ತೀಯ?” ಎಂದಿದ್ದ. ಅವಳು ಮತ್ತೆ ಹೇಳಲಿಲ್ಲ. ಆದರೆ ಮರುದಿನದಿಂದ ಅಂಗಿ, ಪ್ಯಾಂಟು, ಕಾಲುಚೀಲ ಹಾಸಿಗೆಯ ತುದಿಯಲ್ಲಿ ಜೋಡಿಸಿಡತೊಡಗಿದಳು. ಅದನ್ನು ಅವನು ಇಷ್ಟು ವರ್ಷ ಹೆಂಡತಿಯ ಸೇವೆಯೆಂದುಕೊಂಡಿದ್ದ. ಅದು ತಿದ್ದುಪಡಿಯೆಂದು ನಾಲ್ಕು ವರ್ಷದ ಹಿಂದೆ ತಿಳಿಯಿತು. ವಾಹನದ ಪರವಾನಗಿ ನವೀಕರಣಕ್ಕೆ ಕಣ್ಣು ತೋರಿಸಲು ಹೋದಾಗ ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದು, ಈ ಪುಟದಲ್ಲಿ ಎಷ್ಟು ಬರೆದಿದೆ ಎಂದರು. ಏನೂ ಬರೆದಿರಲಿಲ್ಲ, ಬರೀ ಚುಕ್ಕಿ. ಮುಂದಿನ ಪುಟ. ಅದರ ಮುಂದಿನದು. “ಹುಟ್ಟಿನಿಂದಲೇ ಇದೆ ನಿಮಗೆ. ಕೆಂಪು, ಗುಲಾಬಿ ಸ್ವಲ್ಪ ಕಮ್ಮಿ ಕಾಣುತ್ತೆ. ಗಂಡಸರಲ್ಲೇ ಜಾಸ್ತಿ ಇದು, ಹೆಂಗಸರಲ್ಲಿ ತೀರಾ ಅಪರೂಪ. ಗಾಬರಿ ಏನಿಲ್ಲ. ಬಣ್ಣ ನೋಡೋ ಕೆಲಸ ಅಲ್ಲ ತಾನೆ ನಿಮ್ಮದು?” ಅಲ್ಲ, ಎಂದಿದ್ದ. ಅಷ್ಟು ಬೇಗ ಹೇಳಿದ್ದ ಆ ‘ಅಲ್ಲ’ವನ್ನು.

ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬೀರು ತೆಗೆದು ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತ. ಬಣ್ಣ ಅಳೆಯುವ ಯಂತ್ರ ಅದರ ಹಿಂದಿನ ವರ್ಷವೇ ಬಂದಿತ್ತು; ಪೆಟ್ಟಿಗೆ ಯಾರಿಗೂ ಬೇಕಿರಲಿಲ್ಲ. ಇನ್ನು ಹೇಳಿ ಏನು ಪ್ರಯೋಜನ, ಎಂದುಕೊಂಡ. ಆಮೇಲೆ ಯಾವುದೋ ನೆಪ ಹೇಳಿ ಹಳೆಯ ರಿಜಿಸ್ಟರುಗಳನ್ನು ತರಿಸಿ, ಹನ್ನೊಂದು ವರ್ಷದ ಪುಟಗಳಲ್ಲಿ ಅವಳು ಆರು, ಏಳು ಕಂಡು ನಾಲ್ಕು, ಐದು ಎಂದು ಬರೆದದ್ದು ಎಷ್ಟು ಸಲವೆಂದು ಎಣಿಸಿದ. ಮೂವತ್ತೊಂದು. ಮೂವತ್ತೊಂದು ನಲ್ಲಿಗಳು. ತಾನೇ ನೋಡಿ ಬರೆದವುಗಳ ಎಣಿಕೆ ಸಾಧ್ಯವಿರಲಿಲ್ಲ. ಅಲ್ಲಿ ನಿಜ ಎಷ್ಟಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆ ನಲ್ಲಿಗಳ ನೀರು ಕುಡಿದವರ ಮುಖ ಅವನಿಗೆ ಗೊತ್ತಿಲ್ಲ. ಗೊತ್ತಿದ್ದ ಒಂದು ಮುಖ ದಿನಾ ಎದುರಿಗೆ ಬಂದು “ನಮಸ್ಕಾರ ಸಾರ್” ಎನ್ನುತ್ತಿತ್ತು.

ಡೈರಿಯನ್ನು ಸ್ವಲ್ಪ ಎತ್ತಿ ಹಿಡಿದು, ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡು, ಸೊಟ್ಟಸೊಟ್ಟಗೆ ಎರಡು ಪದ ಬರೆದ: ಎರಡು ಕಮ್ಮಿ. ಮಡಿಸಿ ಡಬ್ಬಕ್ಕೆ ಹಾಕಿದ. ಹಾಕಿದೊಡನೆ ಎದೆ ಎಷ್ಟು ಹಗುರವಾಯಿತೆಂದರೆ, ತನಗೇ ಅನುಮಾನ ಬಂತು.

ಚೀಟಿಗಳನ್ನು ಒಂದೊಂದಾಗಿ ಓದಿ ತರಬೇತುದಾರಳು ಹಿಂದಿನ ಹಲಗೆಗೆ ಚುಚ್ಚುತ್ತ ಹೋದಳು. ‘ನಗುತ್ತಾ ಇರಮ್ಮ, ಚೆನ್ನಾಗಿ ಕಾಣ್ತೀಯ.’ ‘ಮದುವೆ ಆದ್ಮೇಲೆ ಹೇಗೂ ಬಿಡ್ತೀಯಲ್ಲ, ಕಲಿತು ಏನ್ ಮಾಡ್ತೀಯ.’ ‘ಟೀ ಲೋಟ ಯಾವಾಗಲೂ ನಾವೇ ಯಾಕೆ ತೊಳೀಬೇಕು?’—ಇದು ಸಹಾಯಕಿಯ ಅಕ್ಷರವೆಂದು ದೂರದಿಂದಲೇ ಗುರುತು ಹತ್ತಿತು. ಹದಿನಾರು ವರ್ಷದಲ್ಲಿ ಅವಳಿಗೆ ಬರೆಯಲು ಸಿಕ್ಕ ಮುಳ್ಳು ಟೀ ಲೋಟ. ಆಮೇಲೆ: “‘ಎರಡು ಕಮ್ಮಿ’. ಇದೇನು? ಯಾರಾದ್ರೂ ಹೇಳ್ತೀರಾ?”

ಉಗ್ರಾಣದವನು ಕೆಮ್ಮಿದ. ಎಲ್ಲರ ಕಣ್ಣೂ ಒಂದು ಕಡೆಗೆ ಹೋಗಿ, ಅಲ್ಲಿಂದ ನೆಲಕ್ಕೆ ಬಿದ್ದವು. ಇದನ್ನು ಅವನು ಯೋಚಿಸಿರಲಿಲ್ಲ. ಮಾತು ಬಯಲಾಗುತ್ತದೆ ಎಂದಷ್ಟೇ ಅಂದುಕೊಂಡಿದ್ದ. ಬಯಲಾಗುವುದು ಅವಳ ಮೈಮೇಲೆ ಎಂದು ಹೊಳೆದಿರಲಿಲ್ಲ. ಸಹಾಯಕಿ ನಿಧಾನಕ್ಕೆ ಎದ್ದು ನಿಂತಳು. ಬಾಯಿಗೆ ಕೈ ಅಡ್ಡ ಬಂದಿತ್ತು, ಆದರೆ ಈ ಸಲ ಕಣ್ಣು ನಗುತ್ತಿರಲಿಲ್ಲ.

“ಅದು ನಾನೇ ಮೇಡಂ. ನನ್ನ ಹೆಸರದು. ಕೆಟ್ಟ ಅರ್ಥ ಏನಿಲ್ಲ. ಮೊದಲೆಲ್ಲ ಬಣ್ಣ ಕಣ್ಣಲ್ಲೇ ನೋಡಿ ಬರೀತಿದ್ವಿ. ನನ್ನ ಕಣ್ಣು ಸ್ವಲ್ಪ ಹೆಚ್ಚಿಗೇ ತೋರಿಸುತ್ತೆ, ದೋಷ ಇದೆ. ಬೇರೆ ಯಾರಾದ್ರೂ ಆಗಿದ್ರೆ ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂತ ಓಡಿಸಿಬಿಡೋರು. ನಮ್ಮ ಸಾರ್ ಕೂತು ಲೆಕ್ಕ ಹಾಕಿ, ಎರಡು ಕಳೆದು ಬರಿಯಮ್ಮಾ, ಸಾಕು ಅಂತ ನನ್ನ ಉಳಿಸ್ಕೊಂಡ್ರು. ಒಂದು ದಿನ ಬೈದಿಲ್ಲ. ಹಾಗಾಗಿ… ಯಾರು ಬರೆದರೋ, ನನಗೇನೂ ಬೇಜಾರಿಲ್ಲ.”

ಎಲ್ಲೋ ಒಂದು ಚಪ್ಪಾಳೆ ಶುರುವಾಗಿ ಸುತ್ತಲೂ ಹರಡಿತು. ತರಬೇತುದಾರಳು ಅವನ ಕಡೆ ತಿರುಗಿ, “ನೀವೇನಾದ್ರೂ ಹೇಳ್ತೀರಾ ಸಾರ್?” ಎಂದಳು. ಅವನು ಎದ್ದ. ಡೈರಿ ತೊಡೆಯಿಂದ ಜಾರಿ ಬಿತ್ತು; ಪಕ್ಕದವನು ಎತ್ತಿಕೊಟ್ಟ. ಹೇಳಬೇಕಾದ ವಾಕ್ಯ ಪೂರ್ತಿಯಾಗಿ, ಕರ್ತೃ ಕರ್ಮ ಕ್ರಿಯೆ ಸಮೇತ, ನಾಲಗೆಯ ಮೇಲೆ ಬಂದು ಕೂತಿತ್ತು. ಅವನ ಕಿವಿಗೆ ಅವನದೇ ದನಿ ಕೇಳಿಸಿತು: “ಹಾಗೆಲ್ಲ ಅಡ್ಡಹೆಸರಿಟ್ಟು ಕರೆಯೋದು ತಪ್ಪು. ಇನ್ನು ಮುಂದೆ ಯಾರೂ ಕರೀಬಾರದು.” ಮತ್ತೆ ಚಪ್ಪಾಳೆ. ಉಗ್ರಾಣದವನು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ಕೂತಾಗ ಕಾಲು ಒಂದರ ಮೇಲೊಂದು ತಾನಾಗಿಯೇ ಏರಿದ್ದನ್ನು ನೋಡಿ, ಇಳಿಸಿದ.

ಮೂರು ಗಂಟೆಗೆ ಪ್ರಯೋಗಾಲಯದ ಉತ್ತರದ ಕಿಟಕಿಯಲ್ಲಿ ಬೆಳಕು ಚೆನ್ನಾಗಿತ್ತು. ಮಿಕ್ಕವರು ಕೆಳಗೆ ಟೀಗೆ ಹೋಗಿದ್ದರು. ಸಹಾಯಕಿ ಬೀರು ತೆಗೆದು ಪೆಟ್ಟಿಗೆ ಹೊರಗಿಟ್ಟು, ಬಾಗಿಲ ಒಳಮೈಯ ಮೇಲೆ ಉಳಿದಿದ್ದ ಚೌಕನೆಯ ಅಂಟಿನ ಕಲೆಯನ್ನು ಬೆರಳಿನಿಂದ ಮುಟ್ಟಿ, “ಚೀಟಿ ಬಿದ್ದುಹೋಗಿದೆ. ಬೇಕಾಗಿಲ್ಲ ಬಿಡಿ, ನೆನಪಿದೆ,” ಎಂದಳು. ಕೊಳವೆಗಳನ್ನು ಮೂರು ಸಲ ತೊಳೆದಳು. ದೂರಿನ ಬಾಟಲಿಯಿಂದ ನೀರು ತುಂಬಿ, ಔಷಧಿ ಹಾಕಿ, ಗಡಿಯಾರ ನೋಡಿದಳು. ಹತ್ತು ನಿಮಿಷ ಕಾಯಬೇಕಿತ್ತು. ನಾಳೆ ಯಂತ್ರ ಸರಿಯಾದ ಮೇಲೆ ನೋಡೋಣ ಎನ್ನಬಹುದಿತ್ತು. ಮೂರನೇ ಅಡ್ಡರಸ್ತೆಯಲ್ಲಿ ಈಗ ಯಾರೋ ನಲ್ಲಿ ತಿರುಗಿಸುತ್ತಿರಬೇಕು. ಅವನು ಕಿಟಕಿಯ ಚೌಕಟ್ಟಿನ ಬಿರುಕು ನೋಡುತ್ತಿದ್ದ.

ಅವಳು ಪೆಟ್ಟಿಗೆ ಎತ್ತಿ ಬೆಳಕಿಗೆ ಹಿಡಿದಳು. ಬಿಲ್ಲೆ ಟಕ್ ಟಕ್ ಎಂದು ತಿರುಗಿತು. ಎಂಟಕ್ಕೆ ಹೋಗಿ ವಾಪಸು ಬಂದಳು. “ಏಳು.” ಪೆನ್ನು ತೆಗೆದುಕೊಂಡಳು. “ಎರಡು ಕಳೆದ್ರೆ ಐದು. ಸದ್ಯ, ಪರವಾಗಿಲ್ಲ. ನೀವೊಂದ್ಸಲ ನೋಡಿ ಸಾರ್, ಬರ್ಕೋತೀನಿ.”

ಅವನು ನೋಡಿದ. ಎಡಗಡೆ ನೀರು, ಬಲಗಡೆ ಗಾಜು. ಅವನ ಬೆರಳು ತಾನಾಗಿ ಬಿಲ್ಲೆ ತಿರುಗಿಸಿ ಐದರಲ್ಲಿ ನಿಂತಿತು. ಗಾಜಿನ ಗುಲಾಬಿ ಬೇರೆ ವಸ್ತುವಿನದು, ನೀರಿನ ಗುಲಾಬಿ ಬೇರೆ ವಸ್ತುವಿನದು. ಸರಿಯಾದ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುವಲ್ಲಿ ಅವನ ಕಣ್ಣಿಗೆ ಬೇರೆಯಾಗುತ್ತವೆ. ಈಗ ಇದೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಐದೇ ಕಂಡಿತು.

“ಏಳು ಅಂತ ಬರೀರಿ,” ಎಂದ.

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೇನೋ ಎಂಬಂತೆ. ಅವನು ಅವಳಿಗೆ ‘ಬರೀರಿ’ ಎಂದದ್ದು ಇದೇ ಮೊದಲು. “ಏಳು ನನ್ನದು ಸಾರ್. ಕಳೀದೆ ಬರೆದ್ರೆ ಹೇಗೆ?”

“ಜನ ಕುಡಿಯೋ ನೀರು. ಒಂದೆರಡು ಹೆಚ್ಚೇ ಇರಲಿ ಬಿಡಿ. ಜೋಪಾನಕ್ಕೆ.”

“ಜೋಪಾನಕ್ಕೆ ಅಂತ ಸಂಖ್ಯೆ ತಿದ್ದಬಾರದು ಅಂತ ನೀವೇ ಕಲಿಸಿದ್ದಲ್ವಾ? ಕಂಡಷ್ಟು ಬರಿ, ತಪ್ಪಿದ್ದಷ್ಟು ಕಳಿ. ಬೆಳಿಗ್ಗೆ ಅವರೆಲ್ಲ ಏನೇನೋ ಮಾತಾಡಿದ್ರು ಅಂತ ನೀವು ನನಗೋಸ್ಕರ ಹೀಗೆ ಮಾಡೋದು ಬೇಡ ಸಾರ್. ನನ್ನ ಕಣ್ಣು ಹೇಗಿದೆ ಅಂತ ನನಗೆ ಗೊತ್ತಿಲ್ವಾ?” ಪೆನ್ನಿನ ತುದಿ ಪುಟಕ್ಕೆ ತಾಗಿತು. ಐದರ ಮೊದಲ ಸುತ್ತು ಬಿದ್ದೇ ಬಿಟ್ಟಿತ್ತು.

“ನಿಮ್ಮ ಕಣ್ಣು ಸರಿಯಾಗಿದೆ,” ಎಂದ. “ತಪ್ಪು ನನ್ನ ಕಣ್ಣಲ್ಲಿ. ಹುಟ್ಟಿನಿಂದ. ನನಗೆ ಗುಲಾಬಿ ಕಮ್ಮಿ ಕಾಣುತ್ತೆ. ಡಾಕ್ಟರ್ ಹೇಳಿದ್ರು. ನೀವು ಬಂದ ದಿನದಿಂದ ನೋಡಿದ್ದೆಲ್ಲ ಸರಿ. ಎರಡು ಕಳೀಬೇಕಾಗಿರಲಿಲ್ಲ. ನನ್ನದಕ್ಕೆ ಕೂಡಿಸಬೇಕಾಗಿತ್ತು.”

ಹೇಳಿದ ಮೇಲೆ ಹಗುರವಾಗಲಿಲ್ಲ. ಅವಳು ಪೆನ್ನು ಎತ್ತದೆ, ಅರ್ಧ ಬರೆದ ಐದನ್ನೇ ನೋಡುತ್ತಿದ್ದಳು.

“ಯಾವಾಗ ಹೇಳಿದ್ರು ಡಾಕ್ಟರು?”

“ನಾಲ್ಕು ವರ್ಷ ಆಯ್ತು.”

“ನಾಲ್ಕು ವರ್ಷ.” ಮಗ್ಗಿ ಒಪ್ಪಿಸುವವಳಂತೆ ಅವನ ಮಾತನ್ನೇ ಹೇಳಿದಳು. “ಚೀಟಿ ಬಿದ್ದು ಹೋಗಿದ್ದಲ್ಲ ಹಾಗಾದ್ರೆ.”

“ಅಲ್ಲ.”

“ಬೆಳಿಗ್ಗೆ ಹಲಗೆ ಮೇಲಿನ ಚೀಟೀನೂ ನಿಮ್ಮದೇ. ಊಟಕ್ಕೆ ಬಿಟ್ಟಾಗ ಹತ್ತಿರ ಹೋಗಿ ನೋಡಿದೆ. ಹದಿನಾರು ವರ್ಷ ನಿಮ್ಮ ಅಕ್ಷರ ನಕಲು ಮಾಡಿದೀನಿ. ನೀವು ಯಾವ ಕೈಯಲ್ಲಿ ಬರೆದ್ರೂ ಗೊತ್ತಾಗುತ್ತೆ. ನೀವೂ ತಮಾಷೆ ಮಾಡಿದ್ರಿ ಅಂದ್ಕೊಂಡೆ. ಹೋಗ್ಲಿ, ದೊಡ್ಡವರು, ಒಂದ್ಸಲ ಮಾಡ್ಲಿ ಅಂದ್ಕೊಂಡೆ.”

ಅವನು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು. ಅಷ್ಟು ವರ್ಷದಲ್ಲಿ ಅವಳು ಅವನನ್ನು ತಡೆದದ್ದಿಲ್ಲ. ಅರ್ಧ ಐದನ್ನು ಒಂದೇ ಗೆರೆಯಲ್ಲಿ ಹೊಡೆದು, ನಿಯಮದಂತೆ ಪಕ್ಕದಲ್ಲಿ ತನ್ನ ಚಿಕ್ಕ ರುಜು ಹಾಕಿ, ಏಳು ಎಂದು ಬರೆದಳು. ನೋಡಿದವರ ಜಾಗದಲ್ಲಿ ತನ್ನ ಹೆಸರು ಬರೆದಳು. ಅವನಿಗೆ ರುಜುವಿಗೆಂದು ಪುಸ್ತಕ ತಿರುಗಿಸಲಿಲ್ಲ. ಫೋನೆತ್ತಿ ನೀರು ಸರಬರಾಜಿನವರಿಗೆ, “ಮೂರನೇ ಅಡ್ಡರಸ್ತೆ. ಏಳು. ಹೌದು, ಏಳೇ. ಬಂದ್ ಮಾಡಿ, ಈಗಲೇ. ಯಾರು ನೋಡಿದ್ದಾ? ನಾನೇ ನೋಡಿದ್ದು,” ಎಂದಳು. ಫೋನಿಟ್ಟ ಮೇಲೆ ಕೈ ಅದರ ಮೇಲೆಯೇ ಉಳಿಯಿತು.

“ಹುದ್ದೆ ವಿಷಯ ನಾನು ಬರೆದುಕೊಡ್ತೀನಿ,” ಎಂದ ಅವನು. “ಡೈರೆಕ್ಟರಿಗೆ. ಎಲ್ಲ ಬರೀತೀನಿ. ಆ ಮೂವತ್ತೊಂದೂ—” ಮೂವತ್ತೊಂದೆಂದರೆ ಏನೆಂದು ಅವಳು ಕೇಳಲಿಲ್ಲ. ಅವಳು ಅವನ ಮಾತು ಕೇಳುತ್ತಲೇ ಇರಲಿಲ್ಲ.

“ನಮ್ಮಪ್ಪ ತೀರ್ಕೊಂಡಿದ್ದು ನಿಮಗೆ ನೆನಪಿದೆಯಲ್ಲ ಸಾರ್. ನೀವು ಮನೆಗೂ ಬಂದಿದ್ರಿ.”

ನೆನಪಿತ್ತು. ಏಳು ವರ್ಷವಾಗಿತ್ತು. ಕಿರಿದಾದ ಕೋಣೆ, ಗೋಡೆಗೆ ತಾಗಿಸಿದ ಮಂಚ, ಕಾಲಿನ ಕಡೆ ಮಡಿಸಿಟ್ಟ ಹೊದಿಕೆ. ಮೂತ್ರಕೋಶದ ರೋಗ, ತಿಳಿದದ್ದು ತಡವಾಯಿತು ಎಂದು ಯಾರೋ ಹೇಳಿದ್ದರು. ಅವನು ರಜೆ ಎಷ್ಟು ಬೇಕಾದರೂ ತಗೋಮ್ಮ ಎಂದು, ಒಳ್ಳೆಯವನಾಗಿ, ಹತ್ತು ನಿಮಿಷ ಕೂತು ಬಂದಿದ್ದ.

“ಬಚ್ಚಲು ತೊಳೀತಿದ್ದದ್ದು ನಾನೇ. ಡಾಕ್ಟರು ಮೊದಲನೇ ಸಲವೇ ಕೇಳಿದ್ರು, ಮೂತ್ರ ಕೆಂಪಗೇನಾದ್ರೂ ಹೋಗುತ್ತಾ ಅಂತ. ನನಗೆ ತಿಂಗಳ ಮುಂಚೆನೇ ಗುಲಾಬಿ ಕಂಡಿತ್ತು ಸಾರ್. ಚೆನ್ನಾಗಿ ಕಂಡಿತ್ತು.” ಅವಳು ಕೊಳವೆಯನ್ನು ಪೆಟ್ಟಿಗೆಯಿಂದ ಹೊರಗೆಳೆದಳು. “ಏನೂ ಇಲ್ಲ ಡಾಕ್ಟ್ರೇ, ನನ್ನ ಕಣ್ಣೇ ಹೆಚ್ಚಿಗೆ ತೋರಿಸೋದು ಅಂದೆ. ಎರಡು ಕಳೆದೆ.”

ಸಿಂಕಿನ ಹತ್ತಿರ ಹೋಗಿ, ಅವನಿಗೆ ಬೆನ್ನು ಮಾಡಿ, ಕೊಳವೆಯನ್ನು ಬೋರಲು ಹಾಕಿ ನಲ್ಲಿ ತಿರುಗಿಸಿದಳು. ಮೆಟ್ಟಿಲಲ್ಲಿ ಟೀ ಮುಗಿಸಿ ಬರುವವರ ಮಾತು, ಉಗ್ರಾಣದವನ ನಗು ಕೇಳಿಸಿತು. ಅವನು ಅವಳ ಹಿಂದೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಬಿಳಿ ಸಿಂಕಿನಲ್ಲಿ ನೀರು ಸುತ್ತಿ ಸುತ್ತಿ ಇಳಿಯುತ್ತಿತ್ತು, ಅವನಿಗೆ ಕಂಡಂತೆ ಬರೀ ನೀರು. ಬಣ್ಣ ಯಾವಾಗಲೋ ಹೋಗಿತ್ತು. ಅವಳು ನಲ್ಲಿ ನಿಲ್ಲಿಸಲಿಲ್ಲ. ತಲೆ ತಗ್ಗಿಸಿ ನೋಡುತ್ತಲೇ ಇದ್ದಳು. ಅವಳಿಗೆ ಇನ್ನೂ ಕಾಣುತ್ತಿತ್ತು.